ಚುಕ್ಕೆ, ಹೊಗೆ, ಗಾಳಿ: ಕಾಡ್ಗಿಚ್ಚಿನ ಉಪಗ್ರಹ ಚಿತ್ರವನ್ನು ತರಗತಿಯಲ್ಲಿ ಓದುವ ಬಗೆ

(8, 9 ಮತ್ತು 10ನೇ ತರಗತಿಯ ವಿಜ್ಞಾನ ಶಿಕ್ಷಕರಿಗೆ)

ಸಂಕ್ರಾಂತಿ ಕಳೆದು ಕಾಡಿನ ಎಲೆ ಉದುರುವ ಹೊತ್ತಿಗೆ ವಯನಾಡು, ನೀಲಗಿರಿ, ತಾಳವಾಡಿ ಕಡೆಯ ಶಾಲೆಗಳಲ್ಲಿ ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಸಾರ್, ಬೆಟ್ಟ ಇವತ್ತು ಯಾಕೆ ಮಬ್ಬಾಗಿದೆ? ಮಂಜೋ, ಹೊಗೆಯೋ?" ಸೊಲ್ಲಾಪುರ, ಅಕ್ಕಲಕೋಟೆ ಕಡೆ ಕಬ್ಬಿನ ಕಟಾವು ಮುಗಿದು ರವದಿಗೆ ಬೆಂಕಿ ಕೊಡುವ ದಿನಗಳಲ್ಲೂ ಇದೇ ಪ್ರಶ್ನೆ. ಕಾಸರಗೋಡಿನ ಪಾರೆಗಳ ಮೇಲೆ ಒಣಗಿ ನಿಂತ ಮುಳಿಹುಲ್ಲಿಗೆ ಕಿಡಿ ತಗಲಿದಾಗಲೂ ಅಷ್ಟೇ. ನಮ್ಮಲ್ಲಿ ಹೆಚ್ಚಿನ ಶಾಲೆಗಳ ಹತ್ತಿರದಲ್ಲೆಲ್ಲೂ ಗಾಳಿಯ ಗುಣ ಅಳೆಯುವ ಯಂತ್ರ ಇಲ್ಲ. ಆದರೆ ಒಂದು ಕಂಪ್ಯೂಟರ್ ಮತ್ತು ನೆಟ್ ಇದ್ದರೆ, ಅದೇ ದಿನ ಉಪಗ್ರಹ ತೆಗೆದ ಚಿತ್ರವನ್ನು ದುಡ್ಡು ಕೊಡದೆ ನೋಡಬಹುದು. ನಾಸಾದ ವರ್ಲ್ಡ್‌ವ್ಯೂ ಮತ್ತು ಫರ್ಮ್ಸ್ ಎಂಬ ಎರಡು ಜಾಲತಾಣ ಸಾಕು. ಲಾಗಿನ್ ಏನೂ ಬೇಡ.

ತೊಂದರೆ ಇರುವುದು ಚಿತ್ರ ಸಿಗುವುದರಲ್ಲಲ್ಲ, ಓದುವುದರಲ್ಲಿ. ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕೆ ಕಂಡರೆ "ಅಲ್ಲಿ ಕಾಡು ಉರೀತಿದೆ" ಅನ್ನುತ್ತೇವೆ. ಬೂದು ಪಟ್ಟೆ ಕಂಡರೆ "ಅಲ್ಲಿನ ಗಾಳಿ ಕೆಟ್ಟಿದೆ" ಅನ್ನುತ್ತೇವೆ. ಎರಡೂ ಅವಸರದ ಮಾತು. ಚುಕ್ಕೆ ಎಂದರೆ ಶಾಖದ ಅಳತೆ. ಬೂದು ಪಟ್ಟೆ ಎಂದರೆ ಬೆಳಕಿನ ಚದುರುವಿಕೆ. ಮೂಗಿಗೆ ಬರುವ ಗಾಳಿ ಮೂರನೆಯದು, ಅದನ್ನು ಉಪಗ್ರಹ ನೇರವಾಗಿ ಅಳೆಯುವುದೇ ಇಲ್ಲ. ಈ ಮೂರನ್ನು ಬೇರೆ ಬೇರೆ ಮಾಡಿ ನೋಡುವುದನ್ನು ಮಕ್ಕಳಿಗೆ ಹೇಗೆ ಕಲಿಸಬಹುದು ಎಂಬುದೇ ಈ ಪಾಠ.

ಮೊದಲು ಒಂದು ಘಟನೆ ಇಟ್ಟುಕೊಳ್ಳೋಣ. 2019ರ ಫೆಬ್ರವರಿ ಮೂರನೇ ವಾರದ ಕೊನೆಗೆ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಬೆಂಕಿ ಹತ್ತಿತು. ಒಣಗಿದ ಲಂಟಾನ, ಬಿಸಿ ಗಾಳಿ, ಉದುರಿದ ಎಲೆ ಮೂರೂ ಸೇರಿ ಬೆಂಕಿ ಗುಡ್ಡದಿಂದ ಗುಡ್ಡಕ್ಕೆ ಹಾರಿತು. 25ರಂದು ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಚೀಲದಲ್ಲಿ ನೀರು ತಂದು ಸುರಿದವು. ಆಮೇಲೆ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ನೋಡಿ ಸುಟ್ಟ ಜಾಗವನ್ನು ಅಳೆಯಿತು. ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿ, ಅಂದರೆ ಹತ್ತು ಸಾವಿರ ಎಕರೆ ದಾಟಿತ್ತು. ಬಂಡೀಪುರದ ಒಂದು ಮಗ್ಗುಲಿಗೆ ಮುದುಮಲೆ, ಇನ್ನೊಂದು ಮಗ್ಗುಲಿಗೆ ವಯನಾಡಿನ ಕಾಡು. ಕಾಗದದ ಮೇಲೆ ಮೂರು ರಾಜ್ಯ, ನೆಲದ ಮೇಲೆ ಒಂದೇ ಕಾಡು. ವರ್ಲ್ಡ್‌ವ್ಯೂನಲ್ಲಿ ಗಡಿಗೆರೆ ಮತ್ತು ಊರಿನ ಹೆಸರುಗಳ ಪದರವನ್ನು ಒಂದು ಗುಂಡಿ ಒತ್ತಿ ತೆಗೆದುಬಿಡಬಹುದು. ತೆಗೆದ ಮೇಲೆ ಮೂರೂ ರಾಜ್ಯಗಳು ಎಲ್ಲಿ ಕೂಡುತ್ತವೆ ಅಂತ ತೋರಿಸಿ ಎಂದು ಮಕ್ಕಳನ್ನು ಕೇಳಿ ನೋಡಿ. ಗಡಿನಾಡಿನ ಶಾಲೆಯಲ್ಲಿ ಈ ಐದು ನಿಮಿಷ ವ್ಯರ್ಥವಾಗದು.

ಈಗ 2019ರ ಫೆಬ್ರವರಿ 20ರಿಂದ 26ರ ತನಕ ದಿನಕ್ಕೊಂದು ಚಿತ್ರ ತೆರೆಯಿರಿ. ಮೇಲೆ ಬೆಂಕಿಯ ಚುಕ್ಕೆಗಳ ಪದರ ಹಾಕಿ. ಚುಕ್ಕೆಗಳನ್ನು ಮಕ್ಕಳೇ ಎಣಿಸಿ ಹಲಗೆಯ ಮೇಲೆ ಸ್ತಂಭ ನಕ್ಷೆ ಬರೆಯಲಿ. (ನೆಟ್ ಆಮೆಯಂತೆ ನಡೆಯುವ ಊರಾದರೆ ಹಿಂದಿನ ದಿನವೇ ಏಳು ಚಿತ್ರವನ್ನು ಉಳಿಸಿಟ್ಟುಕೊಳ್ಳುವುದು ಒಳ್ಳೆಯದು. ತರಗತಿಯಲ್ಲಿ ಆ ಸುತ್ತುವ ಚಕ್ರವನ್ನು ನೋಡುತ್ತಾ ಕೂತರೆ ಪಾಠ ಅಲ್ಲೇ ಸತ್ತಿತು.)

ಚುಕ್ಕೆ ಹೇಗೆ ಹುಟ್ಟುತ್ತದೆ

ಸುಮಾರು 800 ಕಿಲೋಮೀಟರ್ ಮೇಲಿನಿಂದ ಒಂದು ಬೆಂಕಿ ಹೇಗೆ ಕಂಡೀತು? ಕ್ಯಾಮೆರಾ ಅಷ್ಟು ಚೂಪಾಗಿದೆಯೇ? ಇಲ್ಲ. ಸುವೋಮಿ ಎನ್‌ಪಿಪಿ ಉಪಗ್ರಹದಲ್ಲಿ 2011ರಿಂದ, ನೋವಾ-20ರಲ್ಲಿ 2017ರಿಂದ, ನೋವಾ-21ರಲ್ಲಿ 2022ರಿಂದ ಇರುವ ವಿಯರ್ಸ್ ಎಂಬ ಉಪಕರಣ ಬೆಂಕಿ ಹುಡುಕುವಾಗ ನೆಲವನ್ನು 375 ಮೀಟರ್ ಉದ್ದಗಲದ ಚೌಕಗಳಾಗಿ ನೋಡುತ್ತದೆ. ಒಂದು ಚೌಕ ಸುಮಾರು 14 ಹೆಕ್ಟೇರ್, ಅಂದರೆ 35 ಎಕರೆ. ಅದಕ್ಕಿಂತ ಹಳೆಯ ಮೋಡಿಸ್ ಉಪಕರಣ ಟೆರ್ರಾ ಮತ್ತು ಆಕ್ವಾ ಉಪಗ್ರಹಗಳಲ್ಲಿದೆ. ಅದರ ಬೆಂಕಿಯ ಚೌಕ 1 ಕಿಲೋಮೀಟರ್ ಉದ್ದಗಲ. ಇಷ್ಟು ಒರಟು ಕಣ್ಣಿಗೆ ಹತ್ತು-ಹನ್ನೆರಡು ಮೀಟರಿನ ಬೆಂಕಿ ಸಿಗುವುದು ಹೇಗೆ?

ಇಲ್ಲಿ 'ವೀನ್ ನಿಯಮ' ಬೇಕು. ಪಠ್ಯದಲ್ಲಿ ಹೆಸರಿಲ್ಲದಿದ್ದರೂ ಪರವಾಗಿಲ್ಲ, ವಿಷಯ ಮಕ್ಕಳಿಗೆ ಗೊತ್ತು. ಕುಲುಮೆಯಲ್ಲಿಟ್ಟ ಕಬ್ಬಿಣ ಮೊದಲು ಬರೀ ಬಿಸಿ, ಆಮೇಲೆ ಕೆಂಪು, ಆಮೇಲೆ ಹಳದಿ. ಬಿಸಿ ಏರಿದಷ್ಟೂ ಹೊರಬರುವ ಬೆಳಕಿನ ತರಂಗದೂರ ಕಿರಿದಾಗುತ್ತದೆ. ಸೂತ್ರ ಇಷ್ಟೇ: 2898ನ್ನು ಕೆಲ್ವಿನ್ ತಾಪದಿಂದ ಭಾಗಿಸಿದರೆ, ಅತಿ ಹೆಚ್ಚು ಹೊಮ್ಮುವ ತರಂಗದೂರ ಮೈಕ್ರೋಮೀಟರಿನಲ್ಲಿ ಸಿಗುತ್ತದೆ. ನಮ್ಮ ನೆಲದ ತಾಪ ಸುಮಾರು 300 ಕೆಲ್ವಿನ್. ಭಾಗಿಸಿದರೆ 9.7. ಉರಿಯುವ ಹುಲ್ಲು-ಸೌದೆಯನ್ನು 1000 ಕೆಲ್ವಿನ್ ಅಂತ ಇಟ್ಟುಕೊಳ್ಳಿ. ಭಾಗಿಸಿದರೆ 2.9. ಅಂದರೆ ನೆಲ ಒಂದು ಸ್ವರದಲ್ಲಿ ಮಾತಾಡುತ್ತದೆ, ಬೆಂಕಿ ಅದಕ್ಕಿಂತ ಏರುಸ್ವರದಲ್ಲಿ. ಉಪಗ್ರಹ ಎರಡನ್ನೂ ಬೇರೆ ಬೇರೆ ಕಿವಿಯಲ್ಲಿ ಕೇಳುತ್ತದೆ: ಒಂದು ಸುಮಾರು 4 ಮೈಕ್ರೋಮೀಟರ್, ಇನ್ನೊಂದು ಸುಮಾರು 11.

ಒಂದೇ ಅಳತೆಯ ನೆಲ ಮತ್ತು ಬೆಂಕಿಯನ್ನು ಪಕ್ಕಪಕ್ಕ ಇಟ್ಟರೆ, 11 ಮೈಕ್ರೋಮೀಟರಿನಲ್ಲಿ ಬೆಂಕಿ ನೆಲಕ್ಕಿಂತ ಸುಮಾರು 29 ಪಟ್ಟು ಹೊಳೆಯುತ್ತದೆ. 4 ಮೈಕ್ರೋಮೀಟರಿನಲ್ಲಿ? ಸುಮಾರು 4,500 ಪಟ್ಟು. (ಪ್ಲಾಂಕ್ ಸೂತ್ರ ಗೊತ್ತಿರುವವರು ತಾವೇ ಲೆಕ್ಕ ಹಾಕಿ ನೋಡಬಹುದು.) ಇನ್ನು ಮುಂದಿನದು ಹತ್ತನೇ ತರಗತಿಯ ಲೆಕ್ಕ. 375 ಮೀಟರಿನ ಚೌಕದಲ್ಲಿ ಸಾವಿರದಲ್ಲಿ ಒಂದು ಭಾಗ ಮಾತ್ರ ಉರಿಯುತ್ತಿದೆ ಅನ್ನಿ. ಅದು 140 ಚದರ ಮೀಟರ್, ಹನ್ನೆರಡು ಮೀಟರ್ ಉದ್ದ, ಹನ್ನೆರಡು ಮೀಟರ್ ಅಗಲ. 4 ಮೈಕ್ರೋಮೀಟರಿನಲ್ಲಿ ಆ ಚೌಕದ ಹೊಳಪು ಒಂದರಿಂದ ಐದೂವರೆಗೆ ಏರುತ್ತದೆ. 11ರಲ್ಲಿ ಏರುವುದು ಬರೀ ಶೇಕಡಾ 3ರಷ್ಟು. ಒಂದು ಕಿವಿಗೆ ಕೂಗು ಕೇಳಿಸಿ, ಇನ್ನೊಂದು ಕಿವಿಗೆ ಏನೂ ಕೇಳಿಸದಿದ್ದರೆ ಅಲ್ಲಿ ಚಿಕ್ಕ ಜಾಗದಲ್ಲಿ ಬಹಳ ಬಿಸಿಯಾದದ್ದೇನೋ ಇದೆ ಎಂದರ್ಥ. ಬಿಸಿಲಿಗೆ ಕಾದ ಬಂಡೆಯಾದರೆ ಎರಡೂ ಕಿವಿಗೆ ಕೇಳಿಸುತ್ತಿತ್ತು. ಈ ವ್ಯತ್ಯಾಸವೇ ಚುಕ್ಕೆಯಾಗಿ ನಕ್ಷೆಗೆ ಬರುತ್ತದೆ.

ಆದ್ದರಿಂದ ಮಕ್ಕಳಿಗೆ ಮೊದಲು ಹೇಳಬೇಕಾದ್ದು: ಚುಕ್ಕೆ ಬೆಂಕಿಯ ಅಳತೆಯಲ್ಲ. 35 ಎಕರೆಯ ಚೌಕದಲ್ಲಿ ಎಲ್ಲೋ ಒಂದು ಕಡೆ ಉರಿ ಇದೆ ಅಂತ ಅಷ್ಟೇ ಅದು ಹೇಳುವುದು. ಹತ್ತು ಚುಕ್ಕೆಗೆ 350 ಎಕರೆ ಸುಟ್ಟಿತು ಅಂತ ಗುಣಿಸಿ ಪತ್ರಿಕೆಗೆ ಕೊಟ್ಟರೆ ತಪ್ಪು. ಸುಟ್ಟ ಜಾಗ ತಿಳಿಯಲು ಬೆಂಕಿ ಆರಿದ ಮೇಲಿನ ಚಿತ್ರ ಬೇಕು. ಬಂಡೀಪುರದಲ್ಲಿ ಸೆಂಟಿನೆಲ್-2 ಬೇಕಾದದ್ದು ಅದಕ್ಕೇ. ಅದರ ಕಣ್ಣು 10ರಿಂದ 20 ಮೀಟರಿನಷ್ಟು ಚೂಪು, ಆದರೆ ದಿನವೂ ಬರುವುದಿಲ್ಲ.

ಫರ್ಮ್ಸ್‌ನಲ್ಲಿ ಚುಕ್ಕೆಯ ಮೇಲೆ ಒತ್ತಿದರೆ ಒಂದು ಚೀಟಿ ತೆರೆಯುತ್ತದೆ. ಅದರಲ್ಲಿ ಸಮಯ, ಎಷ್ಟು ನಂಬಬಹುದು ಎಂಬ ದರ್ಜೆ, ಮತ್ತು ಬೆಂಕಿಯ ವಿಕಿರಣ ಶಕ್ತಿ ಮೆಗಾವ್ಯಾಟಿನಲ್ಲಿ ಇರುತ್ತದೆ. ಈ ಕೊನೆಯ ಅಂಕಿ ಬಹಳ ಉಪಯೋಗದ್ದು. ಸಸ್ಯವಸ್ತು ಉರಿಯುವಾಗ ಉಪಗ್ರಹಕ್ಕೆ ಸಿಗುವ ಪ್ರತಿ ಮೆಗಾಜೂಲಿಗೆ ಸುಮಾರು 0.37 ಕೆ.ಜಿ. ಒಣವಸ್ತು ಸುಟ್ಟಿರುತ್ತದೆ ಎಂದು ಪ್ರಯೋಗಗಳಿಂದ ಕಂಡುಕೊಂಡಿದ್ದಾರೆ. 10 ಮೆಗಾವ್ಯಾಟಿನ ಚುಕ್ಕೆ ಎಂದರೆ ಸೆಕೆಂಡಿಗೆ 3.7 ಕೆ.ಜಿ. ಹಾಗೆಯೇ ಒಂದು ಗಂಟೆ ಉರಿದರೆ 13 ಟನ್ನು. ತಲೆಹೊರೆ ಸೌದೆ ಇಪ್ಪತ್ತು ಕಿಲೋ ಅಂತ ಹಿಡಿದರೆ ಎಷ್ಟು ಹೊರೆ? ಮಕ್ಕಳು ಬಾಯಿಲೆಕ್ಕದಲ್ಲೇ 650ರ ಮೇಲೆ ಅಂತ ಹೇಳುತ್ತಾರೆ. ಇದೊಂದು ಲೆಕ್ಕ ಮಾಡಿಸಿದರೆ ಕಾಡ್ಗಿಚ್ಚಿನ ಗಾತ್ರ ಮನಸ್ಸಿಗೆ ಬರುತ್ತದೆ.

ಬೆಂಕಿಯಲ್ಲದ ಚುಕ್ಕೆ, ಚುಕ್ಕೆಯಿಲ್ಲದ ಬೆಂಕಿ

ರಾಯದುರ್ಗ, ಆದೋನಿ ಕಡೆಯ ಗೆಳೆಯರು ಫರ್ಮ್ಸ್ ತೆರೆದು ಗಡಿಯಾಚೆ ಬಳ್ಳಾರಿ ಸೀಮೆಯನ್ನು ನೋಡಲಿ. ಉಕ್ಕಿನ ಕಾರ್ಖಾನೆಗಳಿರುವ ಜಾಗದಲ್ಲಿ ಮಳೆಗಾಲ, ಚಳಿಗಾಲ ಎನ್ನದೆ, ಹೆಚ್ಚಾಗಿ ರಾತ್ರಿ ಹೊತ್ತು, ಚುಕ್ಕೆ ಬೀಳುತ್ತಲೇ ಇರುತ್ತದೆ. ಅದು ಕುಲುಮೆಯ ಬಿಸಿ. ಇಟ್ಟಿಗೆ ಗೂಡು, ಎಣ್ಣೆ ಶುದ್ಧೀಕರಣ ಘಟಕದ ಜ್ವಾಲೆ ಕೂಡ ಹಾಗೆ ಕಾಣಬಹುದು. ತಗಡಿನ ಮಾಡಿಗೋ ಕೆರೆ ನೀರಿಗೋ ಬಿಸಿಲು ಸರಿಯಾದ ಕೋನದಲ್ಲಿ ಬಿದ್ದು ಹೊಳೆದರೂ ಕೆಲವೊಮ್ಮೆ ಸುಳ್ಳು ಚುಕ್ಕೆ ಬರುತ್ತದೆ. ನಂಬಿಕೆಯ ದರ್ಜೆ ಕೊಟ್ಟಿರುವುದು ಇದಕ್ಕೇ.

ಇದರ ಉಲ್ಟಾ ಇನ್ನೂ ಮುಖ್ಯ. ಮೋಡ ಕವಿದಿದ್ದರೆ ಬೆಂಕಿ ಕಾಣದು. ದಟ್ಟ ಮರಗಳ ಕೆಳಗೆ ತರಗೆಲೆ ಮಾತ್ರ ಮೆಲ್ಲಗೆ ಉರಿಯುತ್ತಿದ್ದರೆ ಕಾಣದು. ಎಲ್ಲಕ್ಕಿಂತ ಮೇಲಾಗಿ, ಉಪಗ್ರಹ ಬಂದ ಹೊತ್ತಿನಲ್ಲಿ ಬೆಂಕಿ ಇಲ್ಲದಿದ್ದರೆ ಕಾಣದು. ವಿಯರ್ಸ್ ಇರುವ ಉಪಗ್ರಹಗಳು ನಮ್ಮ ತಲೆಯ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆ ಆಸುಪಾಸು ಮತ್ತು ನಡುರಾತ್ರಿ ಒಂದೂವರೆ ಆಸುಪಾಸು. ಸಂಜೆ ನಾಲ್ಕಕ್ಕೆ ಹಚ್ಚಿ ಏಳಕ್ಕೆ ಆರಿದ ರವದಿ ಬೆಂಕಿಗೆ ಚುಕ್ಕೆಯೇ ಇಲ್ಲ.

ಇದು ಬರೀ ತರ್ಕದ ಮಾತಲ್ಲ. ಪಂಜಾಬ್-ಹರಿಯಾಣದಲ್ಲಿ ಭತ್ತದ ಕೂಳೆ ಸುಡುವ ಬೆಂಕಿಯನ್ನು ವರ್ಷವರ್ಷವೂ ಈ ಚುಕ್ಕೆಗಳಿಂದಲೇ ಎಣಿಸುತ್ತಾರೆ. 2024ರಲ್ಲಿ ಎಣಿಕೆ ಬಹಳ ಇಳಿದಿತ್ತು. ಆದರೆ ಕೊರಿಯಾದ ಭೂಸ್ಥಿರ ಉಪಗ್ರಹ ಹತ್ತು ನಿಮಿಷಕ್ಕೊಮ್ಮೆ ತೆಗೆದ ಚಿತ್ರಗಳನ್ನು ನೋಡಿದ ನಾಸಾದ ವಿಜ್ಞಾನಿಯೊಬ್ಬರು, ಬೆಂಕಿ ಹಚ್ಚುವ ಹೊತ್ತು ಮಧ್ಯಾಹ್ನದ ಉಪಗ್ರಹ ಹೋದ ಮೇಲಕ್ಕೆ ಜರುಗಿದೆ ಎಂದು ತೋರಿಸಿದರು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಚುಕ್ಕೆ ಕಡಿಮೆಯಾದರೆ ಬೆಂಕಿ ಕಡಿಮೆಯಾಯಿತು ಅಂತ ಹೇಳಲು ಬರುವುದಿಲ್ಲ.

ಹಾಗಾದರೆ ಭೂಸ್ಥಿರ ಉಪಗ್ರಹವನ್ನೇ ನಂಬಬಾರದೇಕೆ ಅಂತ ಯಾರಾದರೂ ಜಾಣ ಹುಡುಗಿ ಕೇಳಿಯಾಳು. ಕೇಳಲಿ ಅಂತಲೇ ನನ್ನಾಸೆ. ನಮ್ಮ ಇನ್ಸಾಟ್-3ಡಿಆರ್, 3ಡಿಎಸ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತು ಅರ್ಧ ಗಂಟೆಗೊಂದು ಚಿತ್ರ ಕೊಡುತ್ತವೆ. ಆದರೆ ಶಾಖ ನೋಡುವ ಅವುಗಳ ಚೌಕ 4 ಕಿಲೋಮೀಟರ್ ಉದ್ದಗಲ, ಅಂದರೆ 1,600 ಹೆಕ್ಟೇರ್. ಮೇಲಿನ ಹನ್ನೆರಡು ಮೀಟರಿನ ಬೆಂಕಿಯನ್ನೇ ಅಲ್ಲಿಡಿ. ಈಗ ಅದು ಚೌಕದ 1,14,000ದಲ್ಲಿ ಒಂದು ಭಾಗ. 4,500ನ್ನು ಅದರಿಂದ ಭಾಗಿಸಿದರೆ ಹೊಳಪು ಏರುವುದು ಶೇಕಡಾ 4. ನೆಲದ ತಾಪ ಒಂದೇ ಒಂದು ಡಿಗ್ರಿ ಹೆಚ್ಚಿದರೂ ಇಷ್ಟೇ ಏರುತ್ತದೆ! ಬೆಂಕಿಯೋ, ಬಿಸಿಲೋ ಅಂತ ಹೇಗೆ ಹೇಳುವುದು? ಪದೇ ಪದೇ ನೋಡುವ ಕಣ್ಣು ಮಂದ, ಚೂಪಾದ ಕಣ್ಣು ಆಗೊಮ್ಮೆ ಈಗೊಮ್ಮೆ ನೋಡುವಂಥದ್ದು. ಎರಡೂ ಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ, ಕಾಡಂಚಿನ ಶಾಲೆಯವರು ಮರೆಯಬಾರದ್ದು. ನಮ್ಮ ತರಗತಿಗಳಲ್ಲಿ ಹಾಡಿಗಳಿಂದ ಬರುವ ಮಕ್ಕಳಿರುತ್ತಾರೆ, ಕುರಿ-ದನ ಮೇಯಿಸುವವರ ಮಕ್ಕಳಿರುತ್ತಾರೆ. ಚುಕ್ಕೆಯನ್ನು ತೋರಿಸಿದ ಕೂಡಲೇ ಯಾರಾದರೂ "ಇವರೇ ಸಾರ್ ಹಚ್ಚೋದು" ಅಂದುಬಿಡುತ್ತಾರೆ. ಚುಕ್ಕೆಯಲ್ಲಿ ತಾಪ ಇದೆ, ಸಮಯ ಇದೆ, ಅಕ್ಷಾಂಶ-ರೇಖಾಂಶ ಇದೆ. ಹಚ್ಚಿದವರು ಯಾರು ಅಂತ ಇಲ್ಲ. ಸೋಲಿಗರು ಹಿಂದೆ ಬೇಸಗೆ ಬಲಿಯುವ ಮುಂಚೆಯೇ 'ತರಗು ಬೆಂಕಿ' ಎಂಬ ಸಣ್ಣ ಬೆಂಕಿ ಹಾಕಿ ನೆಲದ ಕಸ ತೆಗೆಯುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಹಬ್ಬಿ ದೊಡ್ಡ ಬೆಂಕಿಗೆ ದಾರಿಯಾಯಿತೇ ಎಂಬುದು ಇವತ್ತಿಗೂ ವಿಜ್ಞಾನಿಗಳ ನಡುವಿನ ಚರ್ಚೆ. ಆ ಚರ್ಚೆಯಲ್ಲಿ ನಮ್ಮ ಹಾಡಿಯ ಮಗುವಿನ ಅಜ್ಜನಿಗೆ ಗೊತ್ತಿರುವುದು ನಮಗೆ ಗೊತ್ತಿರಲಿಕ್ಕಿಲ್ಲ.

ಹೊಗೆ ಯಾಕೆ ನೀಲಿ, ಸೂರ್ಯ ಯಾಕೆ ಕೆಂಪು

ಈಗ ಚುಕ್ಕೆ ಬಿಟ್ಟು ಹೊಗೆಗೆ ಬನ್ನಿ. ಇದಕ್ಕೆ ಒಂದು ಊದುಬತ್ತಿ ಸಾಕು. ಹಚ್ಚಿದ ಊದುಬತ್ತಿಯನ್ನು ಕರಿಹಲಗೆಯ ಮುಂದೆ ಹಿಡಿದು, ಪಕ್ಕದಿಂದ ಟಾರ್ಚ್ ಬಿಡಿ. ಎಳೆಹೊಗೆ ನಸುನೀಲಿಯಾಗಿ ಕಾಣುತ್ತದೆ. ಅದೇ ಹೊಗೆಯ ಹಿಂದೆ ಟಾರ್ಚ್ ಇಟ್ಟು, ಹೊಗೆಯ ಮೂಲಕ ಬೆಳಕನ್ನು ನೋಡಿ. ಬೆಳಕು ಹಳದಿ-ಕಂದಿಗೆ ತಿರುಗುತ್ತದೆ. ಹೊಗೆಯ ಕಣಗಳು ಬಹಳ ಸಣ್ಣವು, ಹೆಚ್ಚಿನವು ಅರ್ಧ ಮೈಕ್ರೋಮೀಟರಿಗಿಂತ ಕಡಿಮೆ. ಅವು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಕೆಂಪನ್ನು ಹೆಚ್ಚಾಗಿ ಬಿಟ್ಟುಕೊಡುತ್ತವೆ. ಕರಿಹಲಗೆಯ ಮುಂದೆ ನಿಮಗೆ ಕಂಡದ್ದು ಚದುರಿದ ಬೆಳಕು. ಟಾರ್ಚಿನ ಎದುರು ಕಂಡದ್ದು ಚದುರದೆ ಉಳಿದ ಬೆಳಕು.

ಉಪಗ್ರಹ ಮೊದಲನೆಯ ಜಾಗದಲ್ಲಿದೆ, ನಾವು ಎರಡನೆಯ ಜಾಗದಲ್ಲಿ. ಮೇಲಿನಿಂದ ನೋಡುವವರಿಗೆ ಕಪ್ಪು ಕಾಡಿನ ಮೇಲೆ, ಇಲ್ಲವೇ ಕಡಲಿನ ಮೇಲೆ, ನೀಲಿ-ಬೂದು ಪಟ್ಟೆ. ಕೆಳಗಿನಿಂದ ನೋಡುವವರಿಗೆ ಕಿತ್ತಳೆ ಸೂರ್ಯ. 2023ರ ಜೂನ್ 7ರಂದು ಕೆನಡಾದ ಕ್ವಿಬೆಕ್ ಕಾಡಿನ ಹೊಗೆ ನ್ಯೂಯಾರ್ಕಿಗೆ ಇಳಿದಾಗ ಹಗಲಲ್ಲೇ ಆಕಾಶ ಕಿತ್ತಳೆಯಾದ ಫೋಟೋ ನಿಮ್ಮ ಮಕ್ಕಳು ನೋಡಿರಬಹುದು. ಅದೇ ದಿನದ ಉಪಗ್ರಹ ಚಿತ್ರದಲ್ಲಿ ಅಲ್ಲಿ ಕಿತ್ತಳೆ ಏನೂ ಇಲ್ಲ, ಬೂದು-ಕಂದು ಹೊಗೆ ಇದೆ. ಎರಡು ಚಿತ್ರ ಪಕ್ಕಪಕ್ಕ ಇಟ್ಟು, ಊದುಬತ್ತಿ ಕೈಯಲ್ಲಿಟ್ಟು ಕೇಳಿ: ಎರಡರಲ್ಲಿ ಯಾವುದು ಸುಳ್ಳು?

ಕರಿಹಲಗೆಯ ಬದಲು ಬಿಳಿಗೋಡೆಯ ಮುಂದೆ ಹಿಡಿದರೆ ಊದುಬತ್ತಿಯ ಹೊಗೆ ಸರಿಯಾಗಿ ಕಾಣುವುದೇ ಇಲ್ಲ. ಹಾಗೇ ಮೋಡದ ಮೇಲಿನ, ಮರಳುಗಾಡಿನ ಮೇಲಿನ ತೆಳುಹೊಗೆಯೂ ಚಿತ್ರದಲ್ಲಿ ಮರೆಯಾಗುತ್ತದೆ. ಫೆಬ್ರವರಿಯ ಬಂಡೀಪುರ ಎಲೆ ಉದುರಿ ಕಂದಾಗಿರುತ್ತದೆ. ಅದರ ಮೇಲೆ ತೆಳುಹೊಗೆ ಹುಡುಕುವುದು ಮಲೆನಾಡಿನ ಹಸಿರಿನ ಮೇಲೆ ಹುಡುಕುವುದಕ್ಕಿಂತ ಕಷ್ಟ. ಚುಕ್ಕೆ ಇದ್ದು ಹೊಗೆ ಕಾಣದ ದಿನ ಸಿಕ್ಕರೆ ಮಕ್ಕಳು ಗಾಬರಿಯಾಗಬೇಕಿಲ್ಲ.

ಮೋಡ, ಮಂಜು, ಧೂಳು, ಹೊಗೆ ಬೇರೆ ಮಾಡುವುದು ಅಭ್ಯಾಸದ ಮಾತು. ಮೋಡ ಅಚ್ಚಬಿಳಿ, ಅಂಚು ಸ್ಪಷ್ಟ, ಕೆಳಗೆ ನೆರಳು. ಮಂಜು ಕಣಿವೆಯ ಆಕಾರಕ್ಕೆ ತುಂಬಿಕೊಂಡಿರುತ್ತದೆ, ಬಿಸಿಲೇರಿದರೆ ಕರಗುತ್ತದೆ. ಅರಬ್ಬಿ ಸಮುದ್ರದ ಮೇಲೆ ಬರುವ ಧೂಳು ಹಳದಿಗೆ ತಿರುಗಿರುತ್ತದೆ. ಹೊಗೆಗೆ ಒಂದು ತುದಿ ಇರುತ್ತದೆ, ಆ ತುದಿಯಿಂದ ಸೆರಗಿನಂತೆ ಗಾಳಿಯ ದಿಕ್ಕಿಗೆ ಹರಡುತ್ತದೆ. ತುದಿಯಲ್ಲಿ ಚುಕ್ಕೆಯೂ ಇದ್ದರೆ ಸಂಶಯವೇ ಬೇಡ.

ಸಂಶಯ ಉಳಿದರೆ ವರ್ಲ್ಡ್‌ವ್ಯೂನಲ್ಲಿ ಮೋಡಿಸ್‌ನ 'ಬ್ಯಾಂಡ್ 7-2-1' ಪದರ ಹಾಕಿ. ಮಕ್ಕಳು ಬೆರಗಾಗುವ ಜಾಗ ಇದು. ಹೊಗೆ ಬಹುಪಾಲು ಮಾಯವಾಗುತ್ತದೆ! ಕೆಳಗಿನ ನೆಲ, ಸುಟ್ಟ ಗಾಯ ಇಟ್ಟಿಗೆ-ಕಂದು ಬಣ್ಣದಲ್ಲಿ ಎದ್ದು ಬರುತ್ತದೆ. ಮೋಡ ಮಾತ್ರ ಅಲ್ಲೇ ಇರುತ್ತದೆ. ಏಳನೇ ಬ್ಯಾಂಡಿನ ತರಂಗದೂರ 2.1 ಮೈಕ್ರೋಮೀಟರ್. ಅದಕ್ಕೆ ಹೋಲಿಸಿದರೆ ಹೊಗೆಯ ಕಣ ತೀರಾ ಚಿಕ್ಕದು, ಅಲೆ ಅದನ್ನು ಲೆಕ್ಕಿಸದೆ ದಾಟಿಹೋಗುತ್ತದೆ. ಮೋಡದ ಹನಿ ಹತ್ತಾರು ಪಟ್ಟು ದೊಡ್ಡದು, ಅದನ್ನು ದಾಟಲಾಗದು. ಕೆರೆಯ ಅಲೆಗೆ ಹುಲ್ಲುಕಡ್ಡಿ ಅಡ್ಡವಲ್ಲ, ಬಂಡೆ ಅಡ್ಡ, ಹಾಗೆ.

ಮೇಲಿನ ಹೊಗೆ, ಮೂಗಿನ ಗಾಳಿ

ಮೂರನೆಯದಕ್ಕೆ ಬಂದೆವು. ಶಾಲೆಗೆ ನಿಜವಾಗಿ ಬೇಕಾದದ್ದು ಇದೇ: ಇವತ್ತು ಮಕ್ಕಳನ್ನು ಮೈದಾನದಲ್ಲಿ ಓಡಿಸಬಹುದೇ? ಉಬ್ಬಸ ಇರುವ ಮಗುವನ್ನು ಎಲ್ಲಿ ಕೂರಿಸಲಿ?

ಉಪಗ್ರಹದವರು ಹೊಗೆಯ ದಪ್ಪವನ್ನು 'ದ್ಯುತಿ ಆಳ' ಎಂಬ ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. ಸೂರ್ಯ ನೆತ್ತಿಯ ಮೇಲಿದ್ದಾಗ, ಈ ಸಂಖ್ಯೆ 0.1 ಆದರೆ ನೇರ ಬಿಸಿಲಿನ ಶೇಕಡಾ 90 ಕಣಗಳನ್ನು ದಾಟಿ ಕೆಳಗೆ ಬರುತ್ತದೆ. 0.5 ಆದರೆ 61. 1 ಆದರೆ 37. 2 ಆದರೆ 14ರಷ್ಟು. 3 ಆದರೆ ಬರೀ 5. ಗ್ರಾಫ್ ಹಾಳೆಯಲ್ಲಿ ಬರೆಸಿದರೆ ಇಳಿಯುವ ಗೆರೆ ಚೆನ್ನಾಗಿ ಕಾಣುತ್ತದೆ. ಆದರೆ ಗಮನಿಸಿ, ಇದು ನೆಲದಿಂದ ಆಕಾಶದ ತನಕ ಇರುವ ಇಡೀ ಕಂಬದ ಲೆಕ್ಕ. ಕಂಬದ ಯಾವ ಎತ್ತರದಲ್ಲಿ ಹೊಗೆ ಇದೆ ಅಂತ ಈ ಸಂಖ್ಯೆ ಹೇಳುವುದಿಲ್ಲ.

ಅದೇ 2023ರ ಜೂನಿನಲ್ಲಿ ಎರಡು ಕಡೆ ಎರಡು ಬಗೆ ಆಯಿತು. ನ್ಯೂಯಾರ್ಕಿನಲ್ಲಿ ಹೊಗೆ ನೆಲಕ್ಕೇ ಇಳಿದು ಅಲ್ಲಿನ ಗಾಳಿಯ ಗುಣಮಟ್ಟದ ಸೂಚ್ಯಂಕ 400 ದಾಟಿತು. ತಿಂಗಳ ಕೊನೆಗೆ ಕೆನಡಾದ ಹೊಗೆಯೇ ಅಟ್ಲಾಂಟಿಕ್ ದಾಟಿ ಯುರೋಪಿಗೆ ಬಂತು. ಆಕಾಶ ಮಬ್ಬಾಯಿತು, ಸೂರ್ಯಾಸ್ತ ಕೆಂಪಾಯಿತು, ಚಿತ್ರದಲ್ಲಿ ಪಟ್ಟೆ ಸ್ಪಷ್ಟವಾಗಿ ಕಂಡಿತು, ಆದರೆ ಜನರ ಉಸಿರಿಗೆ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ. ಹೊಗೆ ಬಹಳ ಎತ್ತರದಲ್ಲಿ ಹಾದುಹೋಯಿತು. 2019-20ರ ಆಸ್ಟ್ರೇಲಿಯಾದ ಬೆಂಕಿಯಲ್ಲಂತೂ ಹೊಗೆ ವಾಯುಗೋಳದ ಕೆಳಪದರ ದಾಟಿ ಸ್ತರಗೋಳಕ್ಕೇ ಏರಿ, ಪೆಸಿಫಿಕ್ ಸಾಗರದ ಆಚೆ ಚಿಲಿ, ಅರ್ಜೆಂಟೀನಾ ತಲುಪಿತು. ಎತ್ತರ ಅಳೆಯಲು ಲೇಸರ್ ಬೇಕು. 2006ರಿಂದ 2023ರ ತನಕ ಕ್ಯಾಲಿಪ್ಸೊ ಎಂಬ ಉಪಗ್ರಹ ಆ ಕೆಲಸ ಮಾಡಿತು.

ನಮ್ಮ ಗುಡ್ಡಗಾಡಿನ ಊರುಗಳಲ್ಲಿ ಎತ್ತರದ ಮಾತು ಇನ್ನೂ ಹತ್ತಿರದ್ದು. ಬೇಸಗೆಯ ಮಧ್ಯಾಹ್ನ ನೆಲ ಕಾದು ಗಾಳಿ ಮೇಲೆ-ಕೆಳಗೆ ಕಲಕುತ್ತದೆ. ಆ ಕಲಕುವ ಪದರ 2,000 ಮೀಟರ್ ಇದೆ ಅನ್ನಿ. ಇರುಳು ನೆಲ ತಣ್ಣಗಾಗಿ, ಕಣಿವೆಯಲ್ಲಿ ತಂಪುಗಾಳಿ ಕೆಳಗೆ ಕೂತು, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕುತ್ತದೆ. ಆಗ ಪದರ 200 ಮೀಟರಿಗೆ ಇಳಿಯಿತು ಅನ್ನಿ. ಹೊಗೆಯ ಮೊತ್ತ ಅಷ್ಟೇ ಇದ್ದರೂ ಸಾಂದ್ರತೆ ಹತ್ತು ಪಟ್ಟು. ದ್ಯುತಿ ಆಳ ಮಾತ್ರ ಎರಡರಲ್ಲೂ ಒಂದೇ! ಅದೂ ಅಲ್ಲದೆ ಹೊಗೆಯ ಬಣ್ಣದ ಚಿತ್ರಕ್ಕೆ ಸೂರ್ಯನ ಬೆಳಕು ಬೇಕು, ಅದು ಬರುವುದು ಹಗಲಲ್ಲಿ. ವಿಯರ್ಸ್ ನೋಡುವ ಒಂದೂವರೆ ಗಂಟೆ ಎಂದರೆ ಹೊಗೆ ಚೆನ್ನಾಗಿ ಕಲಸಿ ತೆಳುವಾದ ಹೊತ್ತು. ಮಕ್ಕಳು ಕಣಿವೆಯ ದಾರಿಯಲ್ಲಿ ಶಾಲೆಗೆ ನಡೆದು ಬರುವ ಬೆಳಗಿನ ಎಂಟು ಗಂಟೆಯ ಗಾಳಿ ಆ ಚಿತ್ರದಲ್ಲಿ ಇಲ್ಲ.

ಅದಕ್ಕೇ ಕಣ್ಣಿನ ದಾಖಲೆಯೂ ಬೇಕು. ಶಾಲೆಯ ಅಂಗಳದಿಂದ ಕಾಣುವ ನಾಲ್ಕೈದು ಗುರುತು ಆರಿಸಿ: ಹತ್ತಿರದ ನೀರಿನ ಟ್ಯಾಂಕಿ, ಆಚೆಯ ಗುಡಿಯ ಗೋಪುರ ಅಥವಾ ಚರ್ಚಿನ ಶಿಲುಬೆ, ಮೊಬೈಲ್ ಟವರು, ದೂರದ ಬೆಟ್ಟ. ದೂರವನ್ನು ನಕ್ಷೆಯಲ್ಲಿ ಅಳೆದು ಗೋಡೆಯ ಮೇಲೆ ಬರೆಸಿ. ದಿನವೂ ಪ್ರಾರ್ಥನೆಯ ಹೊತ್ತಿಗೆ ಒಮ್ಮೆ, ಮಧ್ಯಾಹ್ನ ಊಟ ಮುಗಿಸಿ ಒಮ್ಮೆ, ಯಾವ ಗುರುತು ಕಂಡಿತು, ಯಾವುದು ಕಾಣಲಿಲ್ಲ ಅಂತ ಇಬ್ಬರು ಮಕ್ಕಳು ಪುಸ್ತಕಕ್ಕೆ ಏರಿಸಲಿ. ಜೊತೆಗೆ ಗಾಳಿಯ ದಿಕ್ಕು, ಹೊಗೆಯ ವಾಸನೆ ಇದೆಯೇ ಇಲ್ಲವೇ. ಮಂಜಾಗಿದ್ದರೆ ಬಿಸಿಲೇರಿದ ಮೇಲೆ ಬೆಟ್ಟ ಕಾಣಬೇಕು. ಹೊಗೆಯಾಗಿದ್ದರೆ ವಾಸನೆ ಹೇಳುತ್ತದೆ, ಮಧ್ಯಾಹ್ನವೂ ಮಬ್ಬು ಪೂರ್ತಿ ಹರಿಯುವುದಿಲ್ಲ. ಎರಡೂ ಒಟ್ಟಿಗೆ ಇರುವ ದಿನವೂ ಉಂಟು, ಅದು ಕೆಟ್ಟ ದಿನ. ಹತ್ತಿರದ ಗುರುತೇ ಕಾಣದೆ ವಾಸನೆಯೂ ಇದ್ದರೆ, ಚಿತ್ರದಲ್ಲಿ ಏನೇ ಇರಲಿ, ಆ ದಿನ ಆಟದ ಪಿರಿಯಡ್ ಒಳಗೇ ಆಗಲಿ.

ಯಂತ್ರ ಇರುವ ಪಟ್ಟಣದ ಅಂಕಿ ಸಿಕ್ಕರೆ ಹೋಲಿಸಲು ಒಂದು ಅಳತೆ ತಿಳಿದಿರಲಿ. ಪಿಎಂ 2.5 ಎಂಬ ಸಣ್ಣ ಕಣಗಳಿಗೆ ಭಾರತದ ಮಿತಿ 24 ಗಂಟೆಯ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಮಾಸ್ಕ್ ಹಾಕುವುದಾದರೆ ಎನ್-95 ಥರದ್ದು ಬೇಕು. ಕರ್ಚೀಫು ಕಟ್ಟಿಕೊಂಡರೆ ದೊಡ್ಡ ಧೂಳಿಗೆ ಸ್ವಲ್ಪ ತಡೆ, ಹೊಗೆಯ ಕಣಕ್ಕೆ ಅದು ತೆರೆದ ಬಾಗಿಲು.

ತರಗತಿಗೆ ನಾಲ್ಕು ಪ್ರಶ್ನೆ, ಉತ್ತರ ಸಹಿತ

ಒಂದೇ ಜಾಗದಲ್ಲಿ ಜುಲೈಯಲ್ಲೂ ಫೆಬ್ರವರಿಯಲ್ಲೂ ರಾತ್ರಿ ಚುಕ್ಕೆ ಬೀಳುತ್ತಿದೆ, ಹೊಗೆಯ ಸೆರಗಿಲ್ಲ. ಏನಿರಬಹುದು? (ಕುಲುಮೆ ಅಥವಾ ಗೂಡು. ಕಾಡ್ಗಿಚ್ಚು ತಿಂಗಳುಗಟ್ಟಲೆ ಒಂದೇ ಕಡೆ ಕೂರುವುದಿಲ್ಲ.)

ಊರಿನ ಗುಡ್ಡ ನಿನ್ನೆ ಸಂಜೆ ಉರಿದದ್ದನ್ನು ಎಲ್ಲರೂ ಕಂಡಿದ್ದಾರೆ, ನಕ್ಷೆಯಲ್ಲಿ ಚುಕ್ಕೆ ಇಲ್ಲ. ನಕ್ಷೆ ಸುಳ್ಳೇ? (ಮಧ್ಯಾಹ್ನದ ಉಪಗ್ರಹ ಹೋದ ಮೇಲೆ ಹತ್ತಿ, ನಡುರಾತ್ರಿಯದು ಬರುವ ಮುಂಚೆ ಆರಿದೆ. ಕೆಲವು ದಿನ ಬಿಟ್ಟು ಸೆಂಟಿನೆಲ್-2 ಚಿತ್ರದಲ್ಲಿ ಸುಟ್ಟ ಗಾಯ ಹುಡುಕಿ.)

ಚಿತ್ರದಲ್ಲಿ ನಮ್ಮೂರಿನ ಮೇಲೆ ಬೂದು ಪಟ್ಟೆ, ಆದರೆ ದೂರದ ಬೆಟ್ಟ ಚೊಕ್ಕಟವಾಗಿ ಕಾಣುತ್ತಿದೆ, ವಾಸನೆಯೂ ಇಲ್ಲ. (ಹೊಗೆ ಎತ್ತರದಲ್ಲಿ ಹಾದುಹೋಗುತ್ತಿದೆ. ಸಂಜೆ ಸೂರ್ಯನ ಬಣ್ಣ ನೋಡಲು ಹೇಳಿ.)

ಕೊನೆಯದು ಮನೆಗೆಲಸ. ಮೋಡಿಸ್ ಚಿತ್ರಗಳು 2000ದ ಫೆಬ್ರವರಿಯಿಂದ ಇವೆ, ಆದ್ದರಿಂದ ಪ್ರತಿ ಮಗುವೂ ತಾನು ಹುಟ್ಟಿದ ದಿನದ ಊರಿನ ಚಿತ್ರ ತೆರೆಯಬಹುದು. ಅಂದು ಕಂಡದ್ದು ಮೋಡವೋ, ಮಂಜೋ, ಧೂಳೋ, ಹೊಗೆಯೋ, ಯಾವ ಗುರುತಿನಿಂದ ಹಾಗೆ ಹೇಳುತ್ತೀರಿ? (ಆಷಾಢ-ಶ್ರಾವಣದಲ್ಲಿ ಹುಟ್ಟಿದವರಿಗೆ ಬರೀ ಬಿಳಿ ಮೋಡ ಸಿಕ್ಕಿ ಬೇಸರವಾಗುತ್ತದೆ. ಅವರಿಗೆ ಅದೇ ವರ್ಷದ ಫೆಬ್ರವರಿ ಕೊನೆಯ ವಾರ ಕೊಡಿ.)